ಪಟ್ಟದ ಎತ್ತಿನ ಓಲೆ

ಪಟ್ಟದ ಎತ್ತು ತೀರಿಕೊಂಡಿತೆಂಬ ಸುದ್ದಿ ಬಂದ ಸಂಜೆ, ಆ ಎತ್ತು ನನ್ನ ಕಣ್ಣೆದುರಿನಲ್ಲೇ ನಿಂತು ಮೆಲುಕು ಹಾಕುತ್ತಿತ್ತು.

ದೇವರ ದನಗಳು ಆಗತಾನೆ ಮೇವಿನ ಕಾವಲಿನಿಂದ ಬಂದು ರೊಪ್ಪ ಸೇರಿದ್ದವು. ನಾನು ಮುಳ್ಳುಬೇಲಿಯ ಹೊರಗೆ ಕುಳಿತು ಧೂಪದ ಕೆಂಡ ಊದುತ್ತಿದ್ದೆ. ನಮ್ಮ ತೊರೆಗಲ್ಲಹಟ್ಟಿಯಲ್ಲಿ ಹೆಂಗಸರು ದೇವರ ದನಗಳ ರೊಪ್ಪದೊಳಗೆ ಕಾಲಿಡುವುದಿಲ್ಲ. ಧೂಪವನ್ನು ಬೇಲಿಯ ಮೇಲಿಂದ ನೀಡುತ್ತೇವೆ. ಒಳಗಿನಿಂದ ಕಿಲಾರಿ ತೆಗೆದುಕೊಳ್ಳುತ್ತಾನೆ. ದೇವರ ದನ ಕಾಯುವವನನ್ನು ನಮ್ಮ ಕಡೆ ಕಿಲಾರಿ ಎನ್ನುತ್ತಾರೆ. ಅವನು ಮದುವೆಯಾಗುವುದಿಲ್ಲ, ಕಾಲಿಗೆ ಮೆಟ್ಟು ಹಾಕುವುದಿಲ್ಲ. ನಮ್ಮ ಕಿಲಾರಿ ನನ್ನ ಒಡಹುಟ್ಟಿದ ತಮ್ಮ ಪಾಲಯ್ಯ. ನಾನು ಗಂಡನನ್ನು ಕಳೆದುಕೊಂಡು ಹಟ್ಟಿಗೆ ಮರಳಿದ ಮೇಲೆ ಅವನಿಗೆ ಬೇಯಿಸಿ ಹಾಕುವುದೇ ನನ್ನ ಕೆಲಸವಾಗಿತ್ತು.

ಅವನು ಇನ್ನೂ ಬಂದಿರಲಿಲ್ಲ. ಸೌದೆ ಆರಿಸಿಕೊಂಡು ದನಗಳ ಹಿಂದೆ ತಡವಾಗಿ ಬರುವುದು ಅವನ ರೂಢಿ. ನಾನು ಗಾಬರಿಯಾಗಲಿಲ್ಲ.

ಫೋನು ಬಂತು. ತಾಲೂಕಿನ ಜಾನುವಾರು ನಿಗಾ ಕೇಂದ್ರದ ಓಂಕಾರಪ್ಪ. ಹಟ್ಟಿಹಟ್ಟಿಗೆ ರೀಡರು ಹಿಡಿದು ತಿರುಗಿ ದನಗಳ ಕಿವಿಯೋಲೆ ಓದುವವನು.

"ಬೊಮ್ಮಕ್ಕಾ, ಹೆಂಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ. ನಿಮ್ಮ ಪಟ್ಟದ ಎತ್ತು ಹೋಗ್ಬಿಡ್ತು ಅಂತ ಇಲ್ಲಿ ತೆರೆ ಮೇಲೆ ಬಂದೈತೆ. ಎದೆ ಬಡಿತ ನಿಂತೈತೆ."

ನನಗೆ ನಗು ಬಂತು. "ನಿನ್ನ ಮಿಷನ್ನಿಗೆ ಒಂದು ಲಿಂಬೆಹಣ್ಣು ನಿವಾಳಿಸೋ ಓಂಕಾರಿ. ಬೂದಯ್ಯ ಇಲ್ಲೇ ಐತೆ, ನನ್ನನ್ನೇ ನೋಡ್ತಾ ನಿಂತೈತೆ. ಮಾತಾಡಿಸ್ತೀಯಾ?"

ಅವನು ನಗಲಿಲ್ಲ.

"ಯಕ್ಕಾ," ಎಂದ, "ಓಲೆ ಯಾರ ಕಿವಿಯಾಗೈತೆ?"

ನನ್ನ ಬಾಯಲ್ಲಿದ್ದ ನಗು ಹಾಗೇ ನಿಂತುಬಿಟ್ಟಿತು.

ಓಲೆಯ ಸಂಗತಿಯನ್ನು ಹೇಳದಿದ್ದರೆ ಓದುವವರಿಗೆ ಇದು ತಿಳಿಯುವುದಿಲ್ಲ.

ನಾನು ಚಿಕ್ಕವಳಿದ್ದಾಗ ದನಗಳ ಕಿವಿಯೋಲೆ ಎಂದರೆ ಒಂದು ಹಳದಿ ಬಿಲ್ಲೆ, ಅದರ ಮೇಲೊಂದು ನಂಬರು, ಅಷ್ಟೇ. ರೀಡರನ್ನು ಹತ್ತಿರ ಹಿಡಿದರೆ ಯಾರ ದನ, ಎಷ್ಟು ಸೂಲು, ಯಾವಾಗ ಲಸಿಕೆ ಎಂದು ತೋರಿಸುತ್ತಿತ್ತು. ಈಗಿನ ಓಲೆಗಳು ಹಾಗಲ್ಲ. ಹುಣಿಸೆ ಬೀಜದಷ್ಟೇ ಇರುತ್ತವೆ. ದನದ ಮೈಕಾವಿನಿಂದಲೇ ನಡೆಯುತ್ತವೆ. ಎದೆಬಡಿತವನ್ನು ಎಣಿಸುತ್ತವೆ, ಮೆಲುಕನ್ನು ಎಣಿಸುತ್ತವೆ, ನಡೆದ ದಾರಿಯನ್ನು ನೆನಪಿಟ್ಟುಕೊಳ್ಳುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ಹಿಂಡಿನ ಓಲೆಗಳು ತಮ್ಮತಮ್ಮೊಳಗೆ ಮಾತಾಡಿಕೊಳ್ಳುತ್ತವೆ. ಹಿಂಡಿನಲ್ಲಿ ಒಂದು ಓಲೆ ಮುಂದಾಳಿನದು. ಅದು ಹೋದ ಕಡೆಗೆ ಉಳಿದವೂ ಹೋಗಬೇಕು. ದಾರಿ ಬಿಟ್ಟ ಹಸುವಿನ ಕಿವಿಯಲ್ಲಿ ಇರುವೆ ಹರಿದಂತೆ ಜುಮ್ಮೆನ್ನುತ್ತದೆ. ತಿರುಗಿ ಹಿಂಡಿಗೆ ಸೇರಿದರೆ ಜುಮ್ಮು ನಿಲ್ಲುತ್ತದೆ. ಹೊತ್ತು ಮುಳುಗಿದರೆ ಓಲೆಗಳೇ ದನಗಳನ್ನು ಮನೆಯ ಕಡೆಗೆ ತಿರುಗಿಸುತ್ತವೆ. ಓಲೆ ಇಲ್ಲದ ದನಕ್ಕೆ ಕಾವಲಿನ ಗೇಟು ತೆರೆಯುವುದಿಲ್ಲ. ಅದು ಕಾನೂನು.

ಓಲೆ ಹಾಕಿಸುವ ಆಜ್ಞೆ ಬಂದಾಗ ಹಟ್ಟಿಯ ಯಜಮಾನ ಕಾಟಯ್ಯ ಕರೇಕಲ್ಲು ಸ್ವಾಮಿಯ ಗುಡಿಯಲ್ಲಿ ಹೂವು ಕೇಳಿದ. ಹಸು ಕರುಗಳಿಗೆ ಹಾಕಿಸಬಹುದೇ ಎಂದು ಕೇಳಿದ್ದಕ್ಕೆ ಸ್ವಾಮಿಯ ಬಲಭಾಗದಿಂದ ಹೂವು ಬಿತ್ತು. ಪಟ್ಟದ ಎತ್ತಿಗೆ ಎಂದು ಕೇಳಿದ್ದಕ್ಕೆ ಬೀಳಲೇ ಇಲ್ಲ. ಹೂವು ಬಾಡುವವರೆಗೂ ಕಾದೆವು. ಸ್ವಾಮಿಯ ಪೆಟ್ಟಿಗೆ ಹೊರುವ ಎತ್ತದು. ಅದರ ಮೈಗೆ ಕಬ್ಬಿಣ ತಾಗಬಾರದು, ರಕ್ತ ಬರಬಾರದು.

ಎತ್ತನ್ನು ಬಿಟ್ಟು ಹಸುಗಳು ಕಾವಲಿಗೆ ಹೋಗುವಂತಿಲ್ಲ. ಓಲೆಯಿಲ್ಲದೆ ಎತ್ತು ಹೋಗುವಂತಿಲ್ಲ. ಎಲ್ಲರೂ ತಲೆ ಬಗ್ಗಿಸಿ ಕುಳಿತಿದ್ದಾಗ ಪಾಲಯ್ಯ ಎದ್ದು ಬಂದು ಓಂಕಾರಪ್ಪನ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಕಿವಿಯ ಒಂಟಿಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟ.

"ತೂತು ಹೆಂಗಿದ್ರೂ ಐತೆ. ನನಗೆ ಹಾಕು."

"ಲೇ ಪಾಲಯ್ಯ, ಇದು ಎತ್ತಿನ ನಂಬರು ಕಣೋ!"

"ಎತ್ತಿಗಿಂತ ನಾನೇನು ಕಡಿಮೆ ದುಡಿದೀನಾ? ನಾನು ಬಿಟ್ರೆ ಬೂದಯ್ಯ ಇಲ್ಲ, ಬೂದಯ್ಯ ಬಿಟ್ರೆ ನಾನಿಲ್ಲ. ಯಾರ ಕಿವಿ ಆದ್ರೇನು? ಹಾಕು, ಹಾಕು."

ಓಂಕಾರಪ್ಪ ಸುತ್ತ ನೋಡಿದ. ಅವನೂ ಕರೇಕಲ್ಲು ಸ್ವಾಮಿಯ ಒಕ್ಕಲೇ. ಹಾಕಿದ.

ಆವತ್ತಿನಿಂದ ಸರ್ಕಾರದ ಲೆಕ್ಕದಲ್ಲಿ ನನ್ನ ತಮ್ಮ ಎತ್ತಾದ. ಗೇಟಿನ ಬಳಿ ಬೂದಯ್ಯನ ಕೊರಳು ತಬ್ಬಿಕೊಂಡು ನಡೆಯುತ್ತಿದ್ದ; ಗೇಟು ಅವನ ಕಿವಿ ಓದಿ ಎತ್ತಿಗೆ ದಾರಿ ಬಿಡುತ್ತಿತ್ತು. ಎತ್ತಿನ ಎದೆಬಡಿತವೂ ಮನುಷ್ಯನದೂ ಹೆಚ್ಚು ಕಡಿಮೆ ಒಂದೇ ಆದ್ದರಿಂದ ಕೇಂದ್ರದವರಿಗೆ ಅನುಮಾನ ಬರಲಿಲ್ಲ. ಮೆಲುಕಿನ ಲೆಕ್ಕಕ್ಕೂ ತೊಂದರೆಯಾಗಲಿಲ್ಲ. ಅವನ ಬಾಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಎಲೆಅಡಿಕೆ ಇದ್ದೇ ಇರುತ್ತಿತ್ತು. ಮೈಕಾವು ಮಾತ್ರ ಸ್ವಲ್ಪ ಕಡಿಮೆ ಎಂದು ಆಗಾಗ ಶಕ್ತಿಯ ಪುಡಿ ಕಳಿಸುತ್ತಿದ್ದರು. "ಬೆಲ್ಲದ ರುಚಿ ಐತೆ ಕಣಕ್ಕ, ನೀನೂ ನೆಕ್ಕು" ಎನ್ನುತ್ತಿದ್ದ. ಒಂದು ಸಲ, ಜಿಲ್ಲೆಯಲ್ಲೇ ಅತ್ಯಂತ ಶಾಂತ ಸ್ವಭಾವದ ಮುಂದಾಳು ಎತ್ತು ಎಂದು ಪ್ರಶಸ್ತಿಪತ್ರವನ್ನೂ ಕಳಿಸಿದರು. ಹಟ್ಟಿಯವರು ಅವನ ಕೊರಳಿಗೆ ಗೆಜ್ಜೆಸರ ಕಟ್ಟಿ ಗುಡಿಯ ಸುತ್ತ ಮೆರವಣಿಗೆ ಮಾಡಿದರು. ನಕ್ಕು ನಕ್ಕು ನನಗೆ ಪಕ್ಕೆ ನೋವು ಬಂದಿತ್ತು.

ಈಗ ಆ ಓಲೆ ನಿಂತಿತ್ತು.

ಹುಡುಕಿಕೊಂಡು ಹೋದಾಗ ಗುಬ್ಬಿಗುಂಡು ಎಂಬ ದೊಡ್ಡ ಬಂಡೆಯ ನೆರಳಿನಲ್ಲಿ ಪಾಲಯ್ಯ ಒರಗಿ ಕುಳಿತಿದ್ದ. ಕೋಲು ತೊಡೆಯ ಮೇಲಿತ್ತು. ಮುಖದಲ್ಲಿ ನೋವಿನ ಗುರುತು ಇರಲಿಲ್ಲ. ದನಗಳನ್ನು ನೋಡುತ್ತ ಕಣ್ಣು ಮುಚ್ಚಿದವನಂತೆ ಇದ್ದ. ಹಟ್ಟಿಗೆ ಹೊತ್ತು ತಂದರು. ಮಣ್ಣಿಗಿಡುವ ಮೊದಲು ನಾನು ಅವನ ಕಿವಿಯ ಓಲೆ ಬಿಚ್ಚಿ ಒಂಟಿಯನ್ನು ಮತ್ತೆ ಇಟ್ಟೆ. ಅಷ್ಟು ಹೊತ್ತಿಗೆ ನನ್ನ ಫೋನಿಗೆ ಕೇಂದ್ರದಿಂದ ಒಂದು ಸಂದೇಶ ಬಂದಿತ್ತು: ಮೃತ ಜಾನುವಾರಿನ ಕಳೇಬರವನ್ನು ಸುಣ್ಣ ಹಾಕಿ ಆಳವಾಗಿ ಹೂಳತಕ್ಕದ್ದು. ಓಂಕಾರಪ್ಪ ನನ್ನ ಕೈಯಿಂದ ಫೋನು ಕಿತ್ತುಕೊಂಡು ಅದನ್ನು ಅಳಿಸಿದ. ಆಮೇಲೆ ಗುಂಡಿಯ ಪಕ್ಕದಲ್ಲಿ ಕುಳಿತು ಮಗುವಿನಂತೆ ಅತ್ತ.

ಹಾಲುತುಪ್ಪ ಬಿಟ್ಟೆವು. ಜೀವ ತನ್ನ ದಾರಿ ಹಿಡಿಯಲಿ ಎಂದು ಕೈಮುಗಿದೆವು. ಮರುದಿನ ಬೆಳಿಗ್ಗೆ ದಾನಯ್ಯನನ್ನು ಹೊಸ ಕಿಲಾರಿ ಮಾಡಿದರು. ಅವನು ನಮ್ಮ ಚಿಕ್ಕಪ್ಪನ ಮಗ. ತಲೆ ಅರ್ಧ ನರೆತವನು, ಬಾಯಿ ತುಂಬ ಮಾತಿನವನು.

ಸಂಜೆ ಅವನು ನೇರ ನನ್ನ ಬಳಿಗೆ ಬಂದ.

"ಯಕ್ಕಾ, ನಾಳೆ ನೀನು ದಿಬ್ಬದ ಮೇಲೆ ನಿಂತು ನೋಡು. ನಾನು ಹೇಳಿದ್ರೆ ಹೆಂಡ ಕುಡಿದವನೆ ಅಂತೀಯ."

ನೋಡಿದೆ. ಬೆಳಗಿನ ಮಂಜು ಇನ್ನೂ ಹುಲ್ಲಿನ ಮೇಲಿತ್ತು. ಓಂಕಾರಪ್ಪ ಕೈಯಾರೆ ತೆರೆದ ಗೇಟನ್ನು ದನಗಳು ಬೂದಯ್ಯನ ಜೊತೆ ದಾಟಿ, ದಾನಯ್ಯ ಕೂಗಿದ ಕಡೆಗೆ ಹೋಗದೆ, ಗುಡಿಯ ಕಡೆಗೆ ತಿರುಗಿದವು. ಗುಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದವು. ಬಾಗಿಲೆದುರಿಗೆ ಬಂದು ಒಂದು ಗಳಿಗೆ ನಿಂತವು. ಪಾಲಯ್ಯ ನಿಲ್ಲುತ್ತಿದ್ದ ಜಾಗ ಅದು, ಅವನು ಕೈಮುಗಿಯುತ್ತಿದ್ದಷ್ಟು ಹೊತ್ತು. ಅಲ್ಲಿಂದ ಕಾರೆಗಿಡದ ಪೊದೆಯ ಬಳಿ ನಿಂತವು. ಅಲ್ಲಿ ಅವನು ಹಣ್ಣು ಕಿತ್ತು ತಿನ್ನುತ್ತಿದ್ದ. ಅಲ್ಲಿಂದ ಹಳ್ಳದ ಮರಳಿನಲ್ಲಿ ಅವನು ನಡೆಯುತ್ತಿದ್ದಂತೆಯೇ ಸುತ್ತಿ ಬಳಸಿ ನಡೆದವು. ಹಿಂಡಿನ ಮುಂದೆ ಒಬ್ಬ ಮನುಷ್ಯ ಹಿಡಿಸುವಷ್ಟು ಜಾಗ ಖಾಲಿಯಿತ್ತು. ಆ ಜಾಗವನ್ನು ಯಾವ ದನವೂ ತುಳಿಯಲಿಲ್ಲ.

ನನಗೆ ಹೆದರಿಕೆಯಾಗಲಿಲ್ಲ. ಅವನನ್ನೇ ಮತ್ತೆ ಕಂಡಂತಾಯಿತು. ಆ ಖಾಲಿ ಜಾಗ ಒಮ್ಮೆ ನಿಧಾನಿಸುತ್ತಿತ್ತು, ಒಮ್ಮೆ ಬಿರುಸಾಗುತ್ತಿತ್ತು, ಎಡಗಾಲು ಸ್ವಲ್ಪ ಎಳೆಯುವ ಅವನ ನಡಿಗೆಯಂತೆಯೇ. ದಿನವೂ ದಿಬ್ಬಕ್ಕೆ ಹೋಗತೊಡಗಿದೆ. ರಾಗಿ ಮುದ್ದೆ ಕಟ್ಟಿಕೊಂಡು ಹೋಗಿ ಒಬ್ಬಳೇ ಕುಳಿತು ಉಣ್ಣುತ್ತ ನೋಡುತ್ತಿದ್ದೆ.

ದಾನಯ್ಯ ಮಾತ್ರ ಒಣಗುತ್ತ ಬಂದ.

"ನಿನಗೆ ತಮ್ಮ ಕಂಡ, ಸರಿ. ನನಗೆ ಕಾಣೋದು ದನ. ಗುಬ್ಬಿಗುಂಡಿನ ಹತ್ರ ಹೋಗಿ ನಿಂತುಬಿಡ್ತವೆ ಕಣಕ್ಕ. ನಿಂತ್ರೆ ನಿಂತವೇ. ನೀರು ಕುಡಿಯೋ ಕಟ್ಟೆ ಇರೋದು ಬಂಡೆ ಆಚೆ. ಹೊಡೀತೀನಿ, ಎಳೀತೀನಿ, ಕೈಮುಗೀತೀನಿ. ಒಂದು ಹೆಜ್ಜೆ ಎತ್ತಲ್ಲ. ಹೊತ್ತು ಮುಳುಗಿದ್ಮೇಲೆ ಬಾಯಿ ಒಣಗಿಸಿಕೊಂಡು ಮನೆಗೆ ಬರ್ತವೆ."

"ಬೂದಯ್ಯ?"

"ಅದಕ್ಕೇನು, ಮಹಾರಾಜ! ಓಲೆ ಇಲ್ಲ, ಜುಮ್ಮಿಲ್ಲ. ಒಂದೇ ಹೋಗಿ ಹೊಟ್ಟೆ ತುಂಬ ನೀರು ಕುಡಿದು, ತಿರುಗಿ ಬಂದು ಇವುಗಳ ಜೊತೆ ನಿಲ್ಲತೈತೆ. ಹಸುಗಳ ಮೂತಿ ಮೂಸಿ ನೋಡ್ತೈತೆ, 'ಯಾಕ್ರೇ ಬರಲ್ಲ' ಅಂತ ಕೇಳೋ ಹಂಗೆ."

ಹಟ್ಟಿಯವರು ಕೊಡದಲ್ಲಿ ನೀರು ಹೊತ್ತರು. ಅಷ್ಟು ದನಕ್ಕೆ ಕೊಡದ ನೀರು ಎಲ್ಲಿಗೆ ಸಾಕು? ರೊಪ್ಪದ ತೊಟ್ಟಿಯ ನೀರು ಕರುಗಳಿಗೇ ಮುಗಿಯುತ್ತಿತ್ತು. ಹೊಸದಾಗಿ ಈದಿದ್ದ ಕೆಂದಿಯ ಕೆಚ್ಚಲು ಬತ್ತಿತು. ಅದರ ಕರು ನಿಲ್ಲಲಾರದೆ ಮೊಣಕಾಲೂರುತ್ತಿತ್ತು. ಓಲೆಗಳನ್ನು ಕಿತ್ತು ಹಾಕೋಣವೆಂದರೆ ಅವು ಹಸುಗಳ ಕಿವಿಯ ಮಾಂಸದೊಳಗೆ ಬೆಳೆದುಕೊಂಡಿದ್ದವು, ಕಿವಿ ಕೊಯ್ಯಬೇಕಾಗುತ್ತಿತ್ತು.

ಆ ವಾರದಲ್ಲಿ ಕೇಂದ್ರದ ಡಾಕ್ಟರು ಬಂದರು. ಮೆಹರುನ್ನಿಸಾ ಎಂದು ಹೆಸರು. ಮುಂದಾಳು ಎತ್ತು ಸತ್ತರೆ ರೋಗವಿತ್ತೇ ಎಂದು ನೋಡಲೇಬೇಕಂತೆ. ಓಂಕಾರಪ್ಪ ಹಿಂದೆ ತಲೆ ತಗ್ಗಿಸಿಕೊಂಡು ನಿಂತಿದ್ದ. ನಾನು ಏನನ್ನೂ ಮುಚ್ಚಿಡಲಿಲ್ಲ. ಬೂದಯ್ಯನನ್ನು ತೋರಿಸಿದೆ, ತಮ್ಮನ ಗದ್ದಿಗೆಯನ್ನು ತೋರಿಸಿದೆ, ಸೆರಗಿನ ಗಂಟಿನಿಂದ ಓಲೆ ಬಿಚ್ಚಿ ಕೊಟ್ಟೆ.

ಆಕೆ ಓಲೆಯನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಬೈಯುತ್ತಾರೆಂದುಕೊಂಡೆ.

"ಅಮ್ಮ, ನನ್ನ ಜೊತೆ ಒಂದು ಸಲ ಕೇಂದ್ರಕ್ಕೆ ಬರ್ತೀರಾ? ನಿಮಗೊಂದು ತೋರಿಸಬೇಕು."

ಕೇಂದ್ರದ ಒಳಗೆ ತಂಪು, ಕತ್ತಲೆ. ಗೋಡೆಯ ಅಗಲಕ್ಕೂ ತೆರೆ. ಅದರ ಮೇಲೆ ತಾಲೂಕಿನ ದನಗಳೆಲ್ಲ ಮಿಣುಕು ಹುಳಗಳ ಹಾಗೆ ಚೆಲ್ಲಿದ್ದವು. ಡಾಕ್ಟರು ಏನನ್ನೋ ಒತ್ತಿದರು. ಉಳಿದ ಹುಳಗಳು ಆರಿ, ಒಂದು ಬಂಗಾರದ ಗೆರೆ ಮೂಡಿತು. ಗೆರೆಯ ಮೇಲೆ ಗೆರೆ, ಅದರ ಮೇಲೆ ಗೆರೆ, ವರ್ಷಗಟ್ಟಲೆ ದಿನಗಳ ಗೆರೆ. ಒಂದೇ ದಾರಿಯನ್ನು ಸವೆಸಿ ಸವೆಸಿ ಅದು ಹಗ್ಗದಷ್ಟು ದಪ್ಪವಾಗಿತ್ತು.

"ಇದು ಅವರು ನಡೆದದ್ದು" ಎಂದರು. "ಈ ಎತ್ತಿಗೆ ನಾವಿಲ್ಲಿ ಯೋಗಿ ಅಂತ ಹೆಸರಿಟ್ಟಿದ್ವಿ ಅಮ್ಮ. ಇಲ್ಲಿ ನೋಡಿ, ದಿನಾ ಬೆಳಿಗ್ಗೆ ಈ ಜಾಗದಲ್ಲಿ ಎದೆಬಡಿತ ಎಷ್ಟು ಇಳಿಯುತ್ತಿತ್ತು! ಒಂದು ಎತ್ತು ಇಲ್ಲಿ ನಿಂತು ಏನು ಮಾಡುತ್ತೆ ಅಂತ ನನಗೆ ತಿಳೀತಾನೇ ಇರಲಿಲ್ಲ."

"ಅದು ಸ್ವಾಮಿಯ ಬಾಗಿಲು ತಾಯಿ."

ಆಕೆ ತಲೆಯ ಮೇಲಿನ ದುಪಟ್ಟಾವನ್ನು ಸರಿಮಾಡಿಕೊಂಡರು. ಆಮೇಲೆ ನನಗೆ ತಿಳಿಯುವಂತೆ ಬಿಡಿಸಿ ಹೇಳಿದರು. ಮುಂದಾಳು ಹಠಾತ್ತಾಗಿ ಸತ್ತರೆ ಹಿಂಡು ಬೆದರಿ ಚದುರಬಾರದು. ಅದಕ್ಕಾಗಿ, ಮುಂದಾಳಿನ ನಡೆಯನ್ನು ಉಳಿದ ಓಲೆಗಳು ಹಂಚಿಕೊಂಡು ನೆನಪಿಟ್ಟಿರುತ್ತವೆ. ಸತ್ತ ಮೇಲೂ ಸ್ವಲ್ಪ ದಿನ ಆ ನೆನಪೇ ಹಿಂಡನ್ನು ನಡೆಸುತ್ತದೆ. ಅದಕ್ಕೆ ಅವರಲ್ಲಿ ನೆರಳು ಎನ್ನುತ್ತಾರೆ. ಎತ್ತಿನ ನೆರಳು ಬೇಗ ಮಾಸುತ್ತದೆ. ಅಷ್ಟರಲ್ಲಿ ಇನ್ನೊಂದು ದನ ಮುಂದಾಗಿರುತ್ತದೆ. ಆದರೆ ಇದು ಮನುಷ್ಯನ ನೆರಳು. ದಿನವೂ ಅದೇ ಹೊತ್ತು, ಅದೇ ದಾರಿ, ಅದೇ ಭಕ್ತಿ. ಅಷ್ಟು ಗಟ್ಟಿಯಾದದ್ದನ್ನು ಯಾವ ಹಸುವೂ ಮೀರಲಾರದು.

"ಮಾಸೋದು ಬೇಡ ಬಿಡಿ ತಾಯಿ" ಎಂದೆ. "ಇರಲಿ. ಯಾರಿಗೇನು ಭಾರ?"

"ಕಟ್ಟೆವರೆಗಿನ ದಾರಿ ನೆನಪಿದ್ದರೂ ನೆರಳು ಬಂಡೆಯಿಂದ ಆಚೆ ಹೋಗಲ್ಲಮ್ಮ. ಎದೆಬಡಿತ ನಿಂತ ಜಾಗ ಅದು. ಅಲ್ಲಿಗೆ ಹೋಗಿ ಕಾಯುತ್ತೆ. ದಿನಾ ಕಾಯುತ್ತೆ. ದನಗಳೂ ಅದರ ಜೊತೆ ಕಾಯುತ್ತವೆ."

ತೆರೆಯ ಮೇಲೆ ಬಂಗಾರದ ಗೆರೆ ಬಂಡೆಯ ಬಳಿ ಗಂಟು ಹಾಕಿಕೊಂಡಂತಿತ್ತು. ನಾನು ಅದನ್ನೇ ನೋಡಿದೆ. ಹಾಲುತುಪ್ಪ ಬಿಟ್ಟು ಕಳಿಸಿಕೊಟ್ಟ ಜೀವ ಅಲ್ಲೇ ಕುಳಿತಿದೆಯಲ್ಲ ಎನಿಸಿತು. ನಾನು ಮುದ್ದೆ ಉಣ್ಣುತ್ತ ಕಣ್ಣು ತಣಿಸಿಕೊಂಡಿದ್ದು ಅವನ ಕಾಯುವಿಕೆಯನ್ನು ನೋಡಿ. ಬಾಯಾರಿದ ಹಸುಗಳ ನಡುವೆ ನನ್ನ ತಮ್ಮ, ಜೀವಮಾನದಲ್ಲಿ ಒಂದು ಕರುವಿಗೂ ನೀರಿಲ್ಲದೆ ಮಲಗಲು ಬಿಡದವನು.

"ಇಲ್ಲಿಂದ ಅಳಿಸಕ್ಕೆ ಆಗಲ್ವಾ?"

"ಆಗಲ್ಲ. ಕಳ್ಳರು ದೂರದಲ್ಲಿ ಕೂತು ಹಿಂಡನ್ನ ತಿರುಗಿಸಬಾರದು ಅಂತ ಹಾಗೆ ಮಾಡಿದ್ದಾರೆ. ಒಂದೇ ದಾರಿ. ಆ ಓಲೆಯನ್ನ ಬದುಕಿರೋರು ಯಾರಾದ್ರೂ ಹಾಕಿಕೊಂಡು ಹಿಂಡಿನ ಮುಂದೆ ನಡೀಬೇಕು. ನೆರಳು ಎಲ್ಲಿ ನಿಲ್ಲುತ್ತೋ ಅದನ್ನು ದಾಟಿ ಹೋಗಬೇಕು. ಅವರು ಮುಂದೆ ಹೋದಷ್ಟೂ ನೆರಳು ಮಾಸುತ್ತೆ. ಮಾಸಿದ್ದು ಮತ್ತೆ ಬರೋದಿಲ್ಲ. ಈ ತೆರೆ ಮೇಲೂ ಬರೋದಿಲ್ಲ."

ಮೊದಲು ದಾನಯ್ಯ ಹಾಕಿಕೊಂಡ. "ನನಗೂ ಶಕ್ತಿಯ ಪುಡಿ ಬರ್ತೈತಾ ಡಾಕ್ಟ್ರಮ್ಮಾ?" ಎಂದು ಕೇಳಿ ಎಲ್ಲರನ್ನೂ ನಗಿಸಿದ. ಆದರೆ ರೀಡರಿನಲ್ಲಿ ಕೆಂಪು ದೀಪ ಹೊತ್ತಿತು. ಬೇರೆಯವರ ಎದೆಬಡಿತದ ಲಯವನ್ನು ಓಲೆಗಳು ಕಳ್ಳನದೆಂದು ತಿಳಿಯುತ್ತವಂತೆ. ಹಿಂಡು ಅವನಿಗೆ ಬೆನ್ನು ತಿರುಗಿಸಿತು.

ಡಾಕ್ಟರು ನನ್ನ ಕಡೆ ನೋಡಿದರು. "ಅಮ್ಮ, ಒಡಹುಟ್ಟಿದವರ ಲಯ ಹತ್ತಿರ ಇರುತ್ತೆ."

ಓಲೆಯನ್ನು ನನ್ನ ಕಿವಿಗೆ ಹಿಡಿದು ರೀಡರು ನೋಡಿದರು. ಹಸಿರು ದೀಪ ಹೊತ್ತಿತು.

ಹಟ್ಟಿಯ ಕಟ್ಟೆಯ ಮೇಲೆ ಕುಳಿತಿದ್ದವರಲ್ಲಿ ಗುಸುಗುಸು ಎದ್ದಿತು. ರೊಪ್ಪದೊಳಗೆ ಕಾಲಿಡದ ಹೆಂಗಸು ದೇವರ ಹಿಂಡಿನ ಮುಂದೆ ನಡೆಯುವುದೆಂದರೆ! ಅದರಲ್ಲೂ ಸೂತಕದ ಮನೆಯವಳು. ಒಬ್ಬರು ಮತ್ತೆ ಹೂವು ಕೇಳೋಣವೆಂದರು. ಒಬ್ಬರು ಬೇಡವೆಂದರು. ಡಾಕ್ಟರು ಪಾಪ ಏನೂ ತಿಳಿಯದೆ ಓಂಕಾರಪ್ಪನ ಮುಖ ನೋಡುತ್ತಿದ್ದರು. ನಾನು ಬೇಡಲೂ ಇಲ್ಲ, ವಾದಿಸಲೂ ಇಲ್ಲ. ನಿಜ ಹೇಳಬೇಕೆಂದರೆ, ಅವರು ಬೇಡವೆನ್ನಲಿ ಎಂದು ನನ್ನ ಒಂದು ಮನಸ್ಸು ಕಾಯುತ್ತಿತ್ತು. ಬೇಡವೆಂದರೆ ಅವನು ಉಳಿಯುತ್ತಾನಲ್ಲ.

ಯಜಮಾನ ಕಾಟಯ್ಯ ಕೋಲೂರಿ ಎದ್ದ.

"ಏನ್ರಪ್ಪ, ಪಾಲಯ್ಯ ಓಲೆ ಹಾಕ್ಕೊಂಡಾಗ ಸರ್ಕಾರದೋರು ಅವನನ್ನ ಏನಂದ್ರು?"

"ಎತ್ತು ಅಂದ್ರು."

"ನಾವೇನಂದ್ವಿ?"

ದಾನಯ್ಯ ಮೆಲ್ಲಗೆ, "ಗೆಜ್ಜೆ ಕಟ್ಟಿ ಮೆರೆಸಿದ್ವಿ" ಎಂದ.

"ಮತ್ತೆ? ಓಲೆ ಯಾರ ಕಿವಿಯಾಗೈತೋ ಅವರೇ ಪಟ್ಟದ ಎತ್ತು. ನಾಳೆ ನಡೆಯೋಳು ಬೊಮ್ಮಕ್ಕ ಅಲ್ಲ. ಪಟ್ಟದ ಎತ್ತು ಹಿಂಡಿನ ಮುಂದೆ ಹೋಗಬಾರದು ಅನ್ನೋ ಗಂಡಸು ಯಾವನಿದ್ರೂ ಈಗಲೇ ಎದ್ದು ಹೇಳಲಿ."

ಯಾವನೂ ಏಳಲಿಲ್ಲ. ಕಾಟಯ್ಯ ನನ್ನ ಕಡೆ ತಿರುಗಿ, ಯಾರಿಗೂ ಕೇಳದಂತೆ ಹೇಳಿದ: "ಹೋಗಿ ಬಾ ತಾಯಿ. ಕಳಿಸಿಕೊಟ್ಟು ಬಾ."

ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಒದ್ದೆ ಸೀರೆಯಲ್ಲೇ ಬಂದೆ. ಓಂಕಾರಪ್ಪ ನನ್ನ ಕಿವಿಯ ಬೆಂಡೋಲೆ ಬಿಚ್ಚಿ ಅಲ್ಲಿ ಪಾಲಯ್ಯನ ಓಲೆ ಇಟ್ಟ.

ಬರಿಗಾಲಲ್ಲಿ ಗೇಟು ದಾಟಿದೆ. ಹಿಂದೆ ಗೊರಸುಗಳ ಸದ್ದು ಎದ್ದಿತು. ತಿರುಗಿ ನೋಡಲಿಲ್ಲ. ಕಾಟಯ್ಯನ ಗುಂಪು, ಡಾಕ್ಟರು, ದಾನಯ್ಯ ಎಲ್ಲರೂ ಬಹಳ ದೂರದಲ್ಲಿ ಬರುತ್ತಿದ್ದರು. ಕಾವಲಿನ ಹುಲ್ಲು ಸೊಂಟದವರೆಗೆ ಇತ್ತು. ಮಂಜಿನಲ್ಲಿ ಅದರ ತುದಿಗಳಷ್ಟೇ ಕಾಣುತ್ತಿದ್ದವು. ನೀರಿನ ಮೇಲೆ ನಡೆಯುತ್ತಿದ್ದೇನೆ ಎನಿಸುತ್ತಿತ್ತು. ಬೂದಯ್ಯ ನನ್ನ ಬಲಗಡೆ ಬಂದು ಸೇರಿಕೊಂಡಿತು. ಅದರ ಉಸಿರಿನ ಬಿಸಿ ನನ್ನ ತೋಳಿಗೆ ತಾಗುತ್ತಿತ್ತು.

ಗುಡಿಯ ಹತ್ತಿರ ನಾನು ನೇರ ಬಾಗಿಲಿಗೆ ನಡೆದೆ. ಕಿವಿಯಲ್ಲಿ ಜುಮ್ಮೆಂದಿತು. ನೋವಲ್ಲ. ಚಿಕ್ಕವರಿದ್ದಾಗ ಅವನು ಹಿಂದಿನಿಂದ ಬಂದು ನನ್ನ ಕಿವಿ ಹಿಡಿದು ಎಳೆದು, 'ಇತ್ಲಾಗೆ ಬಾರೇ' ಎನ್ನುತ್ತಿದ್ದನಲ್ಲ, ಅದೇ. ಬಲಕ್ಕೆ ತಿರುಗಿದೆ. ಜುಮ್ಮು ನಿಂತಿತು. ಪ್ರದಕ್ಷಿಣೆ ಮೊದಲು, ಕೈಮುಗಿಯುವುದು ಆಮೇಲೆ. ಅವನ ಕ್ರಮ ಅದು. ಬಾಗಿಲೆದುರಿಗೆ ನಿಂತಾಗ ನನ್ನ ಎದೆ ತಾನಾಗಿ ನಿಧಾನವಾಯಿತು. ಎರಡು ಎದೆಗಳು ಒಂದಾಗಿ ಬಡಿಯುತ್ತಿವೆಯೋ ಎಂಬಂತೆ ಇತ್ತು.

ಆಮೇಲೆ ನಾನು ಯೋಚಿಸಲಿಲ್ಲ. ಅವನು ಎಳೆದಂತೆ ಹೋದೆ. ಕಾರೆ ಪೊದೆಯ ಬಳಿ ನಿಲ್ಲಿಸಿದ, ನಿಂತು ಹಣ್ಣು ತಿಂದೆ. ಹಳ್ಳದ ಮರಳಿನಲ್ಲಿ ಬಳಸಿ ನಡೆಸಿದ. ಯಾಕೆ ಬಳಸುತ್ತಿದ್ದನೆಂದು ಆಗ ತಿಳಿಯಿತು: ನೇರ ದಾರಿಯಲ್ಲಿ ಟಿಟ್ಟಿಭ ಹಕ್ಕಿಯೊಂದು ನೆಲದ ಮೇಲೆ ಮೊಟ್ಟೆಯಿಟ್ಟಿತ್ತು. ಎಷ್ಟೋ ವರ್ಷಗಳಿಂದ ಅಲ್ಲೇ ಇಡುತ್ತಿದ್ದಿರಬೇಕು. ಬಿಸಿಲು ಏರಿತು. ಮಂಜು ಕರಗಿತು. ನನ್ನ ಎಡಗಾಲು ಎಳೆಯತೊಡಗಿತ್ತು. ದಣಿವೋ, ಅವನ ನಡಿಗೆಯೋ, ಹೇಳಲಾರೆ.

ಗುಬ್ಬಿಗುಂಡಿನ ನೆರಳು ಬಂತು. ಅಲ್ಲಿಗೆ ಕಾಲಿಟ್ಟೊಡನೆ ಕಿವಿಯಲ್ಲಿ ಎಲ್ಲ ಶಾಂತವಾಯಿತು. ಅಂಥ ಶಾಂತಿಯನ್ನು ನಾನು ಎಲ್ಲೂ ಕಂಡಿರಲಿಲ್ಲ. ಬಂಡೆಗೆ ಒರಗಿದೆ. ಕಲ್ಲು ಬೆಚ್ಚಗಿತ್ತು. ಹಸುಗಳು ಸುತ್ತ ಬಂದು ನಿಂತವು. ಇಲ್ಲೇ ಇರೋಣ ಎಂದು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಹಿಂದೆ ದೂರದಲ್ಲಿ ನಿಂತವರೂ ಮರಗಳಂತೆ ನಿಂತರು. ಎಷ್ಟು ಹೊತ್ತು ಹಾಗೆ ಇದ್ದೆನೋ ತಿಳಿಯದು.

ಕೆಂದಿ ಬಂದು ನನ್ನ ಕೈ ನೆಕ್ಕಿತು. ಅದರ ನಾಲಗೆ ಒಣಗಿ ಮರಳುಕಲ್ಲಿನಂತಿತ್ತು.

"ಪಾಲಯ್ಯ," ಎಂದೆ, "ಏಳಪ್ಪ. ದನಕ್ಕೆ ನೀರು ತೋರಿಸಬೇಕು."

ಒಂದು ಹೆಜ್ಜೆ ಇಟ್ಟೆ. ಕಿವಿ ಜುಮ್ಮೆಂದಿತು. ಇನ್ನೊಂದು ಇಟ್ಟೆ. ಜುಮ್ಮು ಜೋರಾಯಿತು, ಕಿವಿ, ಕೆನ್ನೆ, ಹಲ್ಲಿನವರೆಗೆ ಹರಿಯಿತು. ಬಿಡಬೇಡ ಎನ್ನುವಂತೆ ಎಳೆಯುತ್ತಿತ್ತು. ನನ್ನ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಬೂದಯ್ಯ ಕಟ್ಟೆಯ ಕಡೆಗೆ ಹೊರಟಿತ್ತು. ಅದರ ಬೆನ್ನ ಮೇಲಿನ ಹಿಣಿಲನ್ನು ಹಿಡಿದುಕೊಂಡೆ. ಹಿಡಿದ ಮೇಲೆ ನೆನಪಾಯಿತು, ಪಟ್ಟದ ಎತ್ತನ್ನು ಹೆಂಗಸು ಮುಟ್ಟಬಾರದೆಂದು. ಬಿಡಲಿಲ್ಲ. ಅದು ನನ್ನನ್ನು ಎಳೆದುಕೊಂಡೇ ನಡೆಯಿತು.

ಹಿಂದೆ ಒಂದು ಗೊರಸು ಕದಲಿದ ಸದ್ದು. ಆಮೇಲೆ ಎರಡು. ಆಮೇಲೆ ಮಳೆ ಬಂದಂತೆ ಎಲ್ಲ.

ನಡೆಯುತ್ತ ನಡೆಯುತ್ತ ಜುಮ್ಮು ಸಣ್ಣದಾಯಿತು. ಕಿವಿ ಹಿಡಿದ ಬೆರಳುಗಳು ಒಂದೊಂದಾಗಿ ಸಡಿಲವಾದಂತೆ. ಕಟ್ಟೆಯ ಏರಿ ಹತ್ತುವಾಗ ಒಂದು ಎಳೆಯಷ್ಟು ಉಳಿದಿತ್ತು. ನಾನು ಏರಿಯ ಮೇಲೆ ನಿಂತುಬಿಟ್ಟೆ. ಇನ್ನೊಂದು ಹೆಜ್ಜೆ ಇಟ್ಟರೆ ಮುಗಿಯಿತು. ದನಗಳು ನನ್ನ ಹಿಂದೆ ಕಾಯುತ್ತ ನಿಂತಿದ್ದವು. ಕೆಳಗೆ ನೀರಿನ ಮೇಲೆ ಆಕಾಶ ಬಿದ್ದಿತ್ತು.

ಇಳಿದೆ.

ಹಸು ಕರುಗಳು ನನ್ನ ಎರಡೂ ಪಕ್ಕದಿಂದ ನುಗ್ಗಿ ನೀರಿಗೆ ಬಾಯಿಟ್ಟವು. ಗುಟುಕಿನ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಕೆಂದಿಯ ಕರುವನ್ನು ದಾನಯ್ಯ ಹೆಗಲ ಮೇಲೆ ಹೊತ್ತು ತಂದು ತಾಯಿಯ ಪಕ್ಕದಲ್ಲಿ ನಿಲ್ಲಿಸಿದ. ಡಾಕ್ಟರು ಏದುಸಿರು ಬಿಡುತ್ತ ಬಂದು ನನ್ನ ಕಿವಿಗೆ ರೀಡರು ಹಿಡಿದರು. ನೋಡಿದರು. ನೆರಳು ಇನ್ನಿಲ್ಲ ಎಂಬಂತೆ ತಲೆಯಾಡಿಸಿದರು.

"ಇನ್ನು ಏನಂತ ಬರೀತೀರಿ ತಾಯಿ?"

"ಎತ್ತು ಬದುಕಿದೆ ಅಂತ. ಅದರ ಓಲೆ ಹೊತ್ತವರು ತೀರಿಕೊಂಡರು ಅಂತ. ಇದ್ದದ್ದು ಇದ್ದ ಹಾಗೆ ಬರೀತೀನಿ. ಮೇಲಿನವರು ಏನಾದ್ರೂ ಅನ್ನಲಿ."

ಓಂಕಾರಪ್ಪ ಓಲೆ ಬಿಚ್ಚಿಕೊಟ್ಟ. ನಾನು ಮೊಣಕಾಲುದ್ದ ನೀರಿಗಿಳಿದೆ. ನನ್ನ ಕಿವಿ ಹಗುರವಾಗಿತ್ತು, ಬರಿದಾಗಿತ್ತು. ಬೊಗಸೆಯಲ್ಲಿ ನೀರು ತುಂಬಿ ಸೂರ್ಯನಿಗೆ ಎತ್ತಿದೆ.

ಕರೇಕಲ್ಲು ಸ್ವಾಮೀ, ನಿನ್ನ ದನಗಳಿಗೆ ನೀರು ಸಿಕ್ಕಿತು. ಅದಕ್ಕಾಗಿಯೇ ಅವನು ಕಾದಿದ್ದ. ಇನ್ನು ಅವನನ್ನು ಕಾಯಿಸಬೇಡ. ನನ್ನ ತಮ್ಮ ಪಾಲಯ್ಯ ಬರಿಗಾಲಲ್ಲಿ ಬರುತ್ತಿದ್ದಾನೆ, ದಾರಿಯ ಮುಳ್ಳನ್ನು ನೀನೇ ತೆಗೆ. ದಣಿದು ಬಂದವನಿಗೆ ನಿನ್ನ ಹತ್ತಿರ ಒಂದಿಷ್ಟು ನೆರಳು ಕೊಡು, ಒಂದು ಗುಟುಕು ನೀರು ಕೊಡು. ನಾನು ಕರೆದರೂ ಅವನನ್ನು ಹಿಂದಕ್ಕೆ ಕಳಿಸಬೇಡ. ಆ ಜೀವ ನಿನ್ನಲ್ಲಿ ಶಾಂತವಾಗಿರಲಿ ತಂದೇ, ಶಾಂತವಾಗಿರಲಿ.